ಧೂಳಿಲ್ಲದ ಊರಿನ ನೀಲಿ ಪಂಪು

ಶೈಲಜಾ: ಇಲ್ಲ ಅಂದ್ರ ಇಲ್ಲ. ಈ ಉಸಿರಿನ ಪಂಪ್ ಎಳೀಲಾರದ ನೀವು ಹೊಸ್ತಿಲಾ ದಾಟಂಗಿಲ್ಲ.

ಕೊಟ್ರಯ್ಯ: ಮೆಲ್ಲಕ ಮಾತಾಡ! ಗ್ವಾಡಿ ಆಚಿಗೆ ಜನ ಅದಾರ. ಲಾರಿ ಸಂಘದ ಅಧ್ಯಕ್ಷ ಪಂಪ್ ಎಳೀತಾನ ಅಂತ ಸಂಡೂರು ತುಂಬ ಸುದ್ದಿ ಆದ್ರ ನನ್ನ ಮರ್ಯಾದಿ ಏನಾಗಬೇಕು?

ಶೈಲಜಾ: ಮೊದ್ಲು ನೀವು ಉಳೀರಿ. ಮರ್ಯಾದಿ ಆಮ್ಯಾಲ ನೋಡೋಣ.

ಕೊಟ್ರಯ್ಯನವರು ಯಶವಂತನಗರದ ಕಡೆಯ ಗಣಿಗಳಲ್ಲಿ ಲಾರಿ ಓಡಿಸುತ್ತ ಓಡಿಸುತ್ತ ತಾವೇ ಆರು ಲಾರಿಗಳ ಮಾಲೀಕರಾದವರು. ಅದಿರು ಸಾಗಿಸುವ ಲಾರಿ ಮಾಲೀಕರ ಸಂಘಕ್ಕೆ ಈಗ ಅಧ್ಯಕ್ಷರು. ಅಲ್ಲಿಯ ಒಂದು ಗಣಿಯನ್ನು ಇನ್ನಷ್ಟು ದೊಡ್ಡದು ಮಾಡಬಹುದೇ ಎಂದು ಜನರನ್ನು ಕೇಳಿ ಬರೆದುಕೊಳ್ಳಲು ಇವತ್ತು ಸರ್ಕಾರದ ಸಾಹೇಬರ ಸಾರ್ವಜನಿಕ ಸಭೆ. ಮೊದಲ ಭಾಷಣ ಇವರದು. ವಿಷಯ: ನಮ್ಮೂರಿನಲ್ಲಿ ಧೂಳಿಲ್ಲ. ಭಾಷಣವೆಲ್ಲ ಬಾಯಿಪಾಠವಾಗಿದೆ, ಅದನ್ನು ಮುಗಿಸುವಷ್ಟು ಉಸಿರು ಮಾತ್ರ ಇಲ್ಲ. ಹೊಸಪೇಟೆಯ ಡಾಕ್ಟರು ಎದೆಯ ಫೋಟೋ ನೋಡಿ, ಬೆಳಿಗ್ಗೆ ಸಂಜೆ ತಪ್ಪದೆ ಎಳೆಯಲು ಒಂದು ಪಂಪನ್ನೂ ಉಸಿರು ಸಿಕ್ಕಿಕೊಂಡಾಗ ಎಳೆಯಲು ಇನ್ನೊಂದು ನೀಲಿ ಪಂಪನ್ನೂ ಬರೆದುಕೊಟ್ಟಿದ್ದರು. ಮೊದಲನೆಯದರ ಡಬ್ಬಿಯನ್ನೇ ಈ ಮಹಾಶಯರು ಇನ್ನೂ ಒಡೆದಿಲ್ಲ. ನೀಲಿಯದನ್ನು ಬಚ್ಚಲಿನಲ್ಲಿ ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಎಳೆಯುತ್ತಾರೆ. ಎಳೆದೆಳೆದು ಅದೂ ಈಗ ಮುಗಿಯುತ್ತ ಬಂದಿದೆ.

ಕೊಟ್ರಯ್ಯ: ಪಂಪ್ ಒಮ್ಮೆ ರೂಢಿ ಆದ್ರ ಸಾಯೋತನಕ ಬಿಡಂಗಿಲ್ಲಂತ. ಸೆರೆ ಕುಡಿಯೋ ಚಟ ಇದ್ದಂಗ.

ಶೈಲಜಾ: ಯಾರಂದ್ರು?

ಕೊಟ್ರಯ್ಯ: ವೇಬ್ರಿಡ್ಜ್ ಹತ್ರ ಎಲ್ಲಾರೂ ಅಂತಾರ.

ಶೈಲಜಾ: ಅವರು ಲಾರಿ ತೂಗೋರು. ನಿಮ್ಮ ಎದಿ ಯಾವಾಗ ತೂಗಿದ್ರು? ಅನ್ನ ಉಣ್ಣೋದೂ ರೂಢಿ ಆಗೈತಲ್ಲ, ಅದನ್ನ ಬಿಡ್ರಿ ನೋಡೋಣ.

ಕೊಟ್ರಯ್ಯ: ಅಡ್ಡ ಬಾಯಿ ಹಾಕಬ್ಯಾಡ, ಭಾಷಣ ಮರೀತೈತಿ. "ಮಾನ್ಯರೇ, ನಮ್ಮೂರಾಗ ಧೂಳು ಅನ್ನೋದು..." (ಕೆಮ್ಮು) "...ಧೂಳು ಅನ್ನೋದು..." (ಇನ್ನೂ ದೊಡ್ಡ ಕೆಮ್ಮು)

ಶೈಲಜಾ: ಹೂಂ, ಮುಂದ?

ಕೊಟ್ರಯ್ಯ: "...ಇಲ್ಲವೇ ಇಲ್ಲ!"

ಶೈಲಜಾ: ಭಾಷಣ ಒಂದು ಹೇಳ್ತೈತಿ, ಕೆಮ್ಮು ಒಂದು ಹೇಳ್ತೈತಿ. ಸಾಹೇಬ್ರು ಯಾವುದು ಬರ್ಕೋಬೇಕು?

ಕೊಟ್ರಯ್ಯ: ಇದು ನಿನ್ನ ಒಗ್ಗರಣಿ ಘಾಟು.

ಶೈಲಜಾ: ಒಲಿನೇ ಹಚ್ಚಿಲ್ಲ ಇನ್ನಾ. ಉಪ್ಪಿಟ್ಟು ಹೋಟ್ಲಿಂದ ತರಿಸಿದ್ದು.

ಕೊಟ್ರಯ್ಯ: ಹಂಗಾದ್ರ ಹೋಟ್ಲಿನ ಘಾಟು.

ಶೈಲಜಾ: ಆತ್ರಿ. ಈಗ ನೀವು ಉಟ್ಟೀರಲ್ಲ ಬಿಳಿ ಪಂಚಿ, ಅದು ಎಲ್ಲಿ ಒಣಗಿದ್ದು ಗೊತ್ತೈತೇನು?

ಕೊಟ್ರಯ್ಯ: ಮಾಳಿಗಿ ಮ್ಯಾಲ.

ಶೈಲಜಾ: ದೇವರ ಕೋಣ್ಯಾಗ, ಬಾಗಿಲಾ ಹಾಕಿ, ಫ್ಯಾನ್ ಹಚ್ಚಿ! ಮಾಳಿಗಿ ಮ್ಯಾಲ ಹಾಕಿದ್ರ ಸಂಜಿಗೆ ಕಾವಿ ಆಗ್ತೈತಿ. ಸಭಿಗೆ ಹೋಗೋರು ಮಠಕ್ಕ ಹೋಗಬೇಕಾಗ್ತಿತ್ತು.

ಕೊಟ್ರಯ್ಯನವರಿಗೆ ನಗು ಬಂತು. ನಗಲು ಹೋದರೆ ಎದೆ ಸಿಳ್ಳೆ ಹಾಕಿತು. ಮಂಚದ ಅಂಚು ಹಿಡಿದು ಕೂತರು.

ಶೈಲಜಾ: ನೋಡ್ರಿ, ನಗೂದೂ ಆಗವಲ್ದು ನಿಮಗ. ದಿಂಬಿಗೆ ಒರಗಿ ಕುಂತ ನಿದ್ದಿ ಮಾಡ್ತೀರಿ. ನಾನು ಬಾಜೂಕ ನಿಮ್ಮ ಉಸಿರು ಕೇಳ್ಕೋತ ಬಿದ್ದಿರ್ತೀನಿ. ಒಂದೀಟು ಸದ್ದು ನಿಂತ್ರ ನನ್ನ ಜೀವ ಹೋದಂಗ ಆಗ್ತೈತಿ. ನಂಗ ಭಾಳ ಭಯ ಆಗ್ತೈತ್ರಿ.

ಕೊಟ್ರಯ್ಯ: ...ಕೊಡು ಇಲ್ಲಿ. ಅಳಬ್ಯಾಡ. ಎಳೀತೀನಿ.

ಅವರು ಪಂಪಿನ ಮುಚ್ಚಳ ತೆಗೆದು ಬಾಯಿಯ ಹತ್ತಿರ ತಂದರು. ಅಷ್ಟರಲ್ಲಿ ಹೊರಗೆ ಜೀಪಿನ ಹಾರನ್ ಕೇಳಿಸಿತು. ಸಂಘದ ಕಾರ್ಯದರ್ಶಿ ದುರುಗಣ್ಣ ಬಾಗಿಲು ತಟ್ಟುವ ಅಭ್ಯಾಸವಿಲ್ಲದ ಮನುಷ್ಯ. ನೇರ ನಡುಮನೆಗೇ ಬಂದ. ಪಂಪು ಬಚ್ಚಿಡಲು ಸಮಯ ಸಿಗಲಿಲ್ಲ.

ದುರುಗಣ್ಣ: ಅಣ್ಣಾ, ಜಲ್ದಿ ಏಳ್ರಿ, ಸಾಹೇಬ್ರು ಬಂದಾತು. ಕೈಯಾಗ ಏನದು?

ಕೊಟ್ರಯ್ಯ: ಇದಾ? ಇದು... ಸೆಂಟು. ಬಾಯಿಗೆ ಹೊಡ್ಕೊಳ್ಳೋ ಸೆಂಟು. ದೊಡ್ಡೋರ ಮುಂದ ಮಾತಾಡಬೇಕಲ್ಲ, ಬಾಯಿ ವಾಸನಿ ಬರಬಾರ್ದು.

ಶೈಲಜಾ: ಸೆಂಟಾ?!

ಕೊಟ್ರಯ್ಯ: ನೀ ಒಳಗ ಹೋಗಿ ಚಾ ತಗಂಬಾ.

ಆಕೆ ಜಾಗ ಬಿಟ್ಟು ಕದಲಲಿಲ್ಲ. ಕೊಟ್ರಯ್ಯನವರು ಮಾತು ನಿಜವೆಂದು ತೋರಿಸಲು ಬಾಯಿ ಅಗಲಿಸಿ, ದೂರದಿಂದ ಪುಸ್ಸೆಂದು ಒಂದು ಹೊಡೆದರು. ಅರ್ಧ ನಾಲಿಗೆಗೆ, ಅರ್ಧ ಮೀಸೆಗೆ.

ದುರುಗಣ್ಣ: ಹಂಗಲ್ಲಣ್ಣೋ! ಮೊದ್ಲು ಚೆಂದಂಗ ಅಲ್ಲಾಡಸ್ಬೇಕು. ಒಳಗಿನ ಉಸಿರೆಲ್ಲಾ ಹೊರಗ ಬಿಡಬೇಕು. ತುಟಿ ಬಿಗಿ ಹಿಡಿದು, ಎಳಿಯಾಕ ಶುರು ಮಾಡಿ ಒತ್ತಬೇಕು. ಮೆಲ್ಲಕ ಪೂರ್ತಿ ಎಳದು, ಹತ್ತು ಎಣಿಸೋ ತನಕ ಉಸಿರು ಹಿಡೀಬೇಕು. ಇಲ್ಲಾಂದ್ರ ಎದಿಗೆ ಇಳಿಯಂಗಿಲ್ಲ, ಎಲ್ಲಾ ಗಂಟಲಾಗ ಉಳೀತೈತಿ.

ಶೈಲಜಾ: ಬಾಯಿ ಸೆಂಟು ಎದಿಗೆ ಯಾಕ ಇಳೀಬೇಕು, ದುರುಗಣ್ಣ?

ದುರುಗಣ್ಣ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತೆಂದು ಹುಡುಕತೊಡಗಿದ.

ದುರುಗಣ್ಣ: ಅದು... ನಮ್ಮ ಅತ್ತಿ ಎಳೀತಾರಕ್ಕ. ಅದು ಬ್ಯಾರೆ. ಇದು ಸೆಂಟೇ ಇರಬೇಕು.

ಕೊಟ್ರಯ್ಯ: ಇರಬೇಕು ಅಂದ್ರ? ಇದು ಸೆಂಟೇ! ಇಲ್ನೋಡು!

ಕಂಕುಳಿಗೊಂದು ಹೊಡೆದುಕೊಂಡರು. ಕರ್ಚೀಫಿಗೆ ಎರಡು. ಶಲ್ಯದ ಎರಡೂ ತುದಿಗೆ ಒಂದೊಂದು. ಬೆಳಿಗ್ಗೆಯಿಂದ ಎದೆಗೆ ಒಂದು ಕೊಡಲು ಹಿಂದೆಮುಂದೆ ನೋಡಿದ ಕೈ ಬಟ್ಟೆಬರೆಗೆ ಧಾರಾಳವಾಗಿ ಕೊಟ್ಟಿತು.

ದುರುಗಣ್ಣ: ಬ್ಯಾಡಣ್ಣಾ, ಖಾಲಿ ಆಗ್ತೈತಿ! ಹಂಗ ಕೆಡಸಬಾರ್ದು ಅದನ್ನ!

ಕೊಟ್ರಯ್ಯ: ಖಾಲಿ ಆದ್ರ ಇನ್ನೊಂದು ತಂದ್ರಾತು. ಸೆಂಟಿಗೇನು ಬರ ಬಂದೈತೇನು?

ದುರುಗಣ್ಣ: ವಾಸನಿನೇ ಬರವಲ್ದಲ್ಲಣ್ಣ.

ಕೊಟ್ರಯ್ಯ: ಫಾರಿನ್ ಮಾಲು. ಭಾಳ ತುಟ್ಟಿ ಸೆಂಟು ವಾಸನಿ ಬರಂಗಿಲ್ಲ.

ಎಂದು ದುರುಗಣ್ಣನ ಭುಜಕ್ಕೂ ಎರಡು ಸಲ ಹೊಡೆದರು. ಕಾರ್ಯದರ್ಶಿ ತನಗೇ ಗೊತ್ತಿಲ್ಲದಂತೆ ಕತ್ತು ವಾಲಿಸಿ, ಆ ಹನಿಮಂಜನ್ನು ಉದ್ದಕ್ಕೆ ಒಳಗೆಳೆದುಕೊಂಡ. ಶೈಲಜಾ ಪಂಪು ಕಸಿದು ತನ್ನ ಚೀಲಕ್ಕೆ ಹಾಕಿಕೊಂಡಳು.

ಶೈಲಜಾ: ನಡೀರಿ, ನಾನೂ ಬರ್ತೀನಿ.

ಕೊಟ್ರಯ್ಯ: ಸಭಿಗೆ ನೀ ಯಾಕ?

ಶೈಲಜಾ: ಸಾರ್ವಜನಿಕ ಸಭಿ ಅಂತ ಬೋರ್ಡ್ ಹಾಕ್ಯಾರ. ನಾನೇನು ಖಾಸಗೀನಾ?

ಶಾಮಿಯಾನ ತುಂಬಿತ್ತು. ವೇದಿಕೆಯ ನಡುವೆ ಸರ್ಕಾರದ ಸಾಹೇಬರು, ಒಂದು ಪಕ್ಕ ಗಣಿ ಕಂಪನಿಯ ಮ್ಯಾನೇಜರ್, ಇನ್ನೊಂದು ಪಕ್ಕ ಸಂಘದ ಹಿರಿಯರು. ಹಿಂದಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಹೋಗುತ್ತಲೇ ಇದ್ದವು. ಪ್ರತಿ ಲಾರಿಗೂ ಮೇಜಿನ ಬಿಳಿ ಬಟ್ಟೆಯನ್ನು ಒಬ್ಬ ಬಂದು ಕೊಡವಿ ಹೋಗುತ್ತಿದ್ದ.

ಕೊಟ್ರಯ್ಯ (ಮೈಕಿನಲ್ಲಿ): ಮಾನ್ಯರೇ, ನಮ್ಮೂರಾಗ ಧೂಳು ಅನ್ನೋದು ಇಲ್ಲ. ಇರೋದು ಮಣ್ಣು. ಮಣ್ಣು ಅಂದ ಮ್ಯಾಲ ಎದ್ದು ನಾಕು ಕಡಿ ಅಡ್ಡಾಡ್ತೈತಿ. ಅದಕ್ಕೆ ಧೂಳು ಅನ್ನೋದು ನಮ್ಮ ತಾಯಿಗೆ ಮಾಡೋ ಅಪಮಾನ!

ಜೋರು ಚಪ್ಪಾಳೆ.

ಕೊಟ್ರಯ್ಯ: ಈ ಗಣಿ ಅಂದ್ರ ನಮ್ಮ ಉಸಿರು... ನಮ್ಮ... ಉಸಿರು...

ಮುಂದಿನ ಮಾತು ಬರಲಿಲ್ಲ. ಎದೆಯ ಸಿಳ್ಳೆಯನ್ನು ಮೈಕು ಶಾಮಿಯಾನದ ತುದಿಯವರೆಗೂ ಮುಟ್ಟಿಸಿತು. ಭಾವುಕರಾದರೆಂದು ತಿಳಿದ ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಶೈಲಜಾಗೆ ಮಾತ್ರ ಗೊತ್ತಾಯಿತು. ಸೆರಗು ಸಿಕ್ಕಿಸಿಕೊಂಡು ಓಡಿ ವೇದಿಕೆ ಹತ್ತಿದಳು. ಗಂಡನನ್ನು ಕುರ್ಚಿಗೆ ಕೂರಿಸಿ ಪಂಪು ಒತ್ತಿದಳು, ಏನೂ ಬರಲಿಲ್ಲ. ಅಲ್ಲಾಡಿಸಿ ಮತ್ತೆ ಒತ್ತಿದಳು, ಬರಲಿಲ್ಲ. ಇದ್ದಬದ್ದ ಔಷಧವೆಲ್ಲ ಶಲ್ಯಕ್ಕೂ ಕಂಕುಳಿಗೂ ಖರ್ಚಾಗಿತ್ತು. ಕೊಟ್ರಯ್ಯನವರ ತುಟಿ ಕಪ್ಪಿಡುತ್ತಿತ್ತು.

ಶೈಲಜಾ (ಮೈಕು ಎಳೆದುಕೊಂಡು): ಯಾರ ಹತ್ರನಾದ್ರೂ ನೀಲಿ ಪಂಪ್ ಐತೇನ್ರಿ? ಜಲ್ದಿ ಕೊಡ್ರಿ!

ವೇದಿಕೆಯ ಮೇಲಿದ್ದವರೆಲ್ಲ ಶಾಮಿಯಾನದ ಬಟ್ಟೆ ಎಷ್ಟು ಚೆನ್ನಾಗಿದೆ ಎಂದು ನೋಡುತ್ತಿದ್ದರು.

ಶೈಲಜಾ: ನನ್ನ ಗಂಡ ಸಾಯಾಕತ್ಯಾನ! ನಿಮ್ಮ ಮರ್ಯಾದಿ ಆಮ್ಯಾಲ ವಾಪಸ್ ಕೊಡ್ತೀನಿ, ಈಗ ಪಂಪ್ ಕೊಡ್ರಿ!

ದುರುಗಣ್ಣ ಒಳಜೇಬಿಗೆ ಕೈ ಹಾಕಿದ.

ದುರುಗಣ್ಣ: ತಗೋರಿ ಅಕ್ಕಾ.

ಶೈಲಜಾ: ನಿಮ್ಮ ಅತ್ತಿದಾ?

ದುರುಗಣ್ಣ: ನಮ್ಮತ್ತಿ ತೀರಿಕೊಂಡು ಆರು ವರ್ಷ ಆತಕ್ಕ.

ಆಕೆ ಸೆರಗಿನಲ್ಲಿ ಪಂಪಿನ ಬಾಯಿ ಒರೆಸಿ ಗಂಡನ ತುಟಿಗಿಟ್ಟಳು. ಈಗ ಬಚ್ಚಿಡಲು ಏನೂ ಉಳಿದಿರಲಿಲ್ಲವಾದ್ದರಿಂದ ಅಧ್ಯಕ್ಷರು ದುರುಗಣ್ಣ ಹೇಳಿಕೊಟ್ಟಂತೆಯೇ ಎಳೆದರು. ದುರುಗಣ್ಣ ಗಟ್ಟಿಯಾಗಿ ಎಣಿಸಿದ. ಸ್ವಲ್ಪ ತಡೆದು ಇನ್ನೊಂದು, ಮತ್ತೊಂದು ಕೊಟ್ಟರು. ಇದನ್ನು ನೋಡುತ್ತಿದ್ದ ಕಂಪನಿ ಮ್ಯಾನೇಜರ್, "ಅದು ಸಾಲದಿದ್ರೆ ಇದನ್ನ ತಗೊಳ್ಳಿ" ಎಂದು ಕೋಟಿನ ಜೇಬಿನಿಂದ ತನ್ನದನ್ನು ತೆಗೆದಿಟ್ಟರು. ಸಂಘದ ಖಜಾಂಚಿ ಹಾಲೇಶ್ ಚೀಲದಿಂದ ಒಂದು ತೆಗೆದ. ಉಪಾಧ್ಯಕ್ಷರು ಸೊಂಟದಿಂದ ಇನ್ನೊಂದು ತೆಗೆದರು. ನೋಡನೋಡುತ್ತ ಸಾಹೇಬರ ಮುಂದೆ ನೀಲಿ ಪಂಪುಗಳ ಸಾಲೇ ನಿಂತಿತು.

ಕೊಟ್ರಯ್ಯನವರ ಮುಖಕ್ಕೆ ಮೆಲ್ಲಗೆ ಬಣ್ಣ ಬಂತು. ಶೈಲಜಾ ಅವರ ಬೆನ್ನ ಮೇಲಿಂದ ಕೈ ತೆಗೆಯಲಿಲ್ಲ.

ಸಾಹೇಬರು: ಅಧ್ಯಕ್ಷರೇ, ಆಸ್ಪತ್ರೆಗೆ ಗಾಡಿ ಕರೆಸಿದ್ದೇನೆ. ಆದರೆ ಧೂಳಿನ ಬಗ್ಗೆ ನಿಮ್ಮ ಹೇಳಿಕೆ ಅರ್ಧಕ್ಕೇ ನಿಂತಿದೆ. ಇದೆ ಅಂತ ಬರ್ಕೊಳ್ಳಲೋ, ಇಲ್ಲ ಅಂತಲೋ?

ಅಧ್ಯಕ್ಷರು ಪಂಪುಗಳ ಸಾಲನ್ನು ನೋಡಿದರು. ಹೆಂಡತಿಯ ಮುಖ ನೋಡಿದರು. ಮೈಕನ್ನು ಆಕೆಯ ಕಡೆ ತಿರುಗಿಸಿದರು.

ಶೈಲಜಾ: ಇಲ್ಲ ಅಂತನ ಬರ್ಕೊಳ್ರಿ ಸಾಹೇಬ್ರ. ಹೊರಗ ಎಲ್ಲೈತ್ರಿ ಧೂಳು? ಎಲ್ಲಾ ಇವರು ಎದ್ಯಾಗ ತುಂಬಿಟ್ಕೊಂಡಾರಲ್ಲ!