ಬೀಗರ ಹಾಡಿನ ಫಾರ್ಮ್ಯಾಟು

ಯಂತ್ರಗಳ ವಿಷಯದಲ್ಲಿ ನನ್ನದು ಕೆಟ್ಟ ಹಟ. ಅರ್ಥವಾಗದ ಯಂತ್ರವನ್ನು ಬುದ್ಧಿವಂತರು ಅದರ ಪಾಡಿಗೆ ಬಿಟ್ಟುಬಿಡುತ್ತಾರೆ. ನಾನು ಅದು ಸೋಲುವವರೆಗೆ, ಇಲ್ಲವೇ ಮನೆಯವರು ಸೋಲುವವರೆಗೆ ಬಿಡುವುದಿಲ್ಲ. ಹೈದರಾಬಾದಿನ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ನೌಕರಿ ಮಾಡಿದವನೆಂಬ ಜಂಭ ಬೇರೆ. ಅಲ್ಲಿ ನಾನಿದ್ದದ್ದು ರಜೆಯ ಅರ್ಜಿ ನೋಡುವ ವಿಭಾಗದಲ್ಲಿ ಎಂದು ನೆಂಟರಿಗೆ ಹೇಳುವ ಪ್ರಸಂಗ ಬಂದಿಲ್ಲ.

ಈ ಸಲದ ಹಟಕ್ಕೆ ತಕ್ಕ ಕಾರಣವೂ ಇತ್ತು. ಕಲಬುರಗಿಯಲ್ಲಿ ನನ್ನ ಹೆಂಡತಿಯ ಅಣ್ಣನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯವರನ್ನು ಹಾಡಿ ಹಂಗಿಸುವ ಬೀಗರ ಹಾಡು ಕೇಳದೆ ನಮ್ಮವರಿಗೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಮನೆತನದ ಎಲ್ಲ ಮದುವೆಗಳಲ್ಲೂ ಹಾಡಿದವರು ನನ್ನ ಅತ್ತೆ. ಈಗ ಅವರು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಯಲ್ಲಿದ್ದರು. ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದರು. "ಮೊಮ್ಮಗಳ ಮದಿವ್ಯಾಗ ನಾ ಇಲ್ಲಂದ್ರೂ ನನ್ನ ಹಾಡರ ಇರಲಿರಿ," ಎನ್ನುವಾಗ ಅವರ ಕಣ್ಣು ತುಂಬಿತ್ತು. ಹಾಡು ಕಳಿಸುವ ಹೊಣೆ ನಾನೇ ಹೊತ್ತೆ.

"ಫೋನಿನ್ಯಾಗ ತುಂಬಿ ಕಳಸ್ರಿ, ಮುಗೀತು," ಎಂದಳು ಹೆಂಡತಿ. ಫೋನಿನದೂ ಒಂದು ಧ್ವನಿಯೇ ಎಂದು ಮೂಗು ಮುರಿದು, ನಾನು ಕಪಾಟಿನಿಂದ ಹಳೆಯ ವಾಯ್ಸ್ ರೆಕಾರ್ಡರ್ ತೆಗೆದೆ. ಅದರ ಸ್ಪೀಕರ್ ಎಂದೋ ಸತ್ತಿತ್ತು. ಕೇಳಿದ್ದನ್ನು ಹಿಡಿದಿಡುವ ಮೈಕು ಮಾತ್ರ ಬಲು ಚುರುಕು. "ಗಂಡಸರ ಮುಂದ ಹಾಡಾಕ ನಾಚಿಕಿ ಬರತೈತಿ, ಹೊರಗ ನಡೀರಿ," ಎಂದು ಅತ್ತೆ ನನ್ನನ್ನು ಅಟ್ಟಿದರು. ಗುಂಡಿ ಒತ್ತಿಕೊಟ್ಟು ಹೊರಬಂದೆ. ಮರುದಿನ ಅತ್ತೆಗೆ ನೆಗಡಿಯಾಗಿ ಗಂಟಲು ಕಟ್ಟಿತು, ಹೆಂಡತಿ ಕಲಬುರಗಿಯ ಬಸ್ಸು ಹತ್ತಿದಳು. ಆಮೇಲೆ ರೆಕಾರ್ಡರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದರೆ, ಹಾಡು ಡಿಎಸ್ಎಸ್ ಎಂಬ ಬಾಲ ಅಂಟಿಸಿಕೊಂಡ ಫೈಲಾಗಿ ಕೂತಿತ್ತು. ಏನು ಮಾಡಿದರೂ ತೆರೆಯಲಿಲ್ಲ.

ಬಾಲ ಅಳಿಸಿ ಎಂಪಿತ್ರೀ ಎಂದು ಬರೆದು ಕಳಿಸಿದೆ. "ಏನೂ ಕೇಳಸವಲ್ದ್ರಿ," ಎಂದಳು ಹೆಂಡತಿ. ಡಿಎಸ್ಎಸ್ ಎಂಬುದು ಆಫೀಸಿನ ಮಾತುಗಳನ್ನು ಒತ್ತಿ ಮಡಚಿಡುವ ಪದ್ಧತಿಯಂತೆ, ಬಿಚ್ಚಲು ಅದರದೇ ಸಾಫ್ಟ್‌ವೇರ್ ಬೇಕಂತೆ. ಆ ಸಾಫ್ಟ್‌ವೇರಿದ್ದ ಸಿಡಿಯನ್ನು ನನ್ನ ಹೆಂಡತಿ ಪಾರಿವಾಳ ಓಡಿಸಲು ಬಾಲ್ಕನಿಯಲ್ಲಿ ನೇತುಹಾಕಿ ವರ್ಷಗಳೇ ಆಗಿದ್ದವು. ಅಂಗಡಿ ಅಂಗಡಿ ಅಲೆಯುತ್ತ ಉಪ್ಪಲ್‌ವರೆಗೆ ಹೋದೆ. "ಅಂಕುಲ್, ಇದಿ ಪಾತ ಫಾರ್ಮ್ಯಾಟ್, ವದಿಲೇಯಂಡಿ," ಹಳೆಯದು, ಬಿಟ್ಟುಬಿಡಿ ಎಂದ ಅಲ್ಲಿಯ ಅಂಗಡಿಯವನು. ಬಿಡುವ ಪೈಕಿ ನಾನಲ್ಲ. ಅವನ ಸ್ಟೂಲಿನ ಮೇಲೆ ಕೂತುಬಿಟ್ಟೆ. ನಾನು ಏಳುವ ಲಕ್ಷಣ ಕಾಣದೆ ಅವನೇ ಎಲ್ಲಿಂದಲೋ ಸಾಫ್ಟ್‌ವೇರ್ ಹುಡುಕಿ, ಹಾಡನ್ನು ವೇವ್ ಫೈಲು ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟ. ವೇವ್ ಫೈಲು ಗಾತ್ರದಲ್ಲಿ ದೊಡ್ಡದು, ಆದರೆ ಒಂದಕ್ಷರವೂ ಮಸುಕಾಗುವುದಿಲ್ಲ.

ಮನೆಗೆ ಬಂದು ಹಾಡಿನ ಮೊದಲಿಗಿದ್ದ ಗಣಪತಿಯ ಸ್ತುತಿ ಕೇಳುವಷ್ಟರಲ್ಲಿ ಹೆಂಡತಿಯ ಫೋನು: "ಪಂಕ್ತಿ ಕುಂತೈತಿ, ಜಲ್ದಿ ಕಳಸ್ರಿ." ಕಳಿಸಿದೆ. ಅವಳು ಅದನ್ನು ಮೈಕಿಗೆ ಹಚ್ಚಿ ವಿಡಿಯೊ ಕಾಲ್ ಮಾಡಿದಳು. ಅತ್ತೆಯ ಪಕ್ಕದಲ್ಲಿ ಕೂತು ನಾನು ಗೆದ್ದ ಗತ್ತಿನಲ್ಲಿ ನೋಡುತ್ತಿದ್ದೆ. ಗಣಪತಿ ಮುಗಿದು ಹಾಡು ಶುರುವಾಯಿತು.

"ಹೈದರಾಬಾದಿನ ಅಳಿಯ ಭಾಳ ಶಾಣ್ಯಾ ಕೇಳವ್ವ
ಮಿಕ್ಸರ ಬಿಚ್ಚಿ ಕುಂತಾನ
ಬಿಚ್ಚಿದ ಸ್ಕ್ರೂ ಕೂಡಸಾಕ ಬರದ
ಹೆಂಡತಿ ಮ್ಯಾಲ ಸಿಟ್ಟಾದಾನ"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನ್ನ ಹೊಟ್ಟೆ, ನನ್ನ ಗೊರಕೆ, ಗೀಸರಿನಿಂದ ನಾನು ಶಾಕ್ ಹೊಡೆಸಿಕೊಂಡದ್ದು, ಒಂದೂ ಬಿಟ್ಟಿರಲಿಲ್ಲ. ಅತ್ತೆ ನಡುನಡುವೆ ನಗು ನುಂಗಿಕೊಂಡದ್ದು ಸಹ ಸ್ಪಷ್ಟವಾಗಿ ಕೇಳುತ್ತಿತ್ತು. ಅವರತ್ತ ತಿರುಗಿದೆ.

"ಹೊಸಾ ಬೀಗರನ್ನ ನಾ ನೋಡೇ ಇಲ್ರಿ," ಎಂದರು ಕಟ್ಟಿದ ಗಂಟಲಿನಲ್ಲಿ. "ನೋಡದವರ ಮ್ಯಾಲ ಹೆಂಗ ಹಾಡೂದು? ಕಣ್ಣ ಮುಂದ ಇದ್ದವರು ನೀವೊಬ್ಬರ."

ಆಪರೇಷನ್ ಆದಮೇಲೆ ಅವರ ಮುಖದಲ್ಲಿ ಅಷ್ಟು ಗೆಲುವು ನಾನು ಕಂಡಿರಲಿಲ್ಲ. ಸಿಟ್ಟು ಮಾಡಬೇಕೆಂದರೂ ಬರಲಿಲ್ಲ. ಅಷ್ಟರಲ್ಲಿ ಹೆಂಡತಿ ಹೇಳಿದಳು: "ಗಂಡಿನವರಿಗೆಲ್ಲಾ ಈ ಹಾಡ ಬೇಕಂತ್ರಿ. ಆದ್ರ ಫೈಲ ಭಾಳ ದೊಡ್ಡದೈತಿ, ಅವರ ಫೋನಿನ್ಯಾಗ ಇಳೀವಲ್ದು."

ಸುಮ್ಮನಿದ್ದರೆ ನನ್ನ ಮಾನ ಆ ಒಂದು ಮಂಟಪದಲ್ಲೇ ಉಳಿಯುತ್ತಿತ್ತು. ಲ್ಯಾಪ್‌ಟಾಪ್ ತೆಗೆದು, ಎಂಥ ಹಳೆಯ ಫೋನಿನಲ್ಲೂ ತೆರೆಯುವಂತೆ ಅದನ್ನು ಎಂಪಿತ್ರೀ ಮಾಡಲು ಕೂತೆ.