ಮೊದಲ ಚೀಲದ ಲಾಭ

ಶಹಾಪುರದ ತೊಗರಿ ಗೋದಾಮಿನ ಕಂಪ್ಯೂಟರಿಗೆ ಒಂದು ಚೀಲದ ಲೆಕ್ಕ ಹುಡುಕಲು ಹದಿನೈದು ನಿಮಿಷ ಬೇಕಾಗುತ್ತಿತ್ತು. ಬೇರೆ ದಿನವಾದರೆ ಆಪರೇಟರ್ ಮುಜಫರ ಅಷ್ಟರಲ್ಲಿ ಚಹಾ ಕುಡಿದು ಬರುತ್ತಿದ್ದ. ಇವತ್ತು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಸಂಜೆ ದೋರನಹಳ್ಳಿಯಲ್ಲಿ ಅಂಬರೀನಳ ಜೊತೆ ಅವನ ಮದುವೆ ನಿಶ್ಚಯ. ಐದರ ಬಸ್ಸು ತಪ್ಪಿದರೆ ಮಾನ ಹೋದಂತೆ.

"ಹೊರಗ ನಲವತ್ತು ಮಂದಿ ರೈತರು ಚೀಲದ ಚೀಟಿಗೆ ಕುಂತಾರ. ಮಷೀನ್ ಓಡಿಸು, ಆಮ್ಯಾಲೆ ನಿಶ್ಚಯ ಮಾಡ್ಕೊ," ಎಂದ ಮ್ಯಾನೇಜರ್ ರಾಮಲಿಂಗ, ಕಂಪ್ಯೂಟರಿಗೆ ಸೆಕೆ ಆಗಿದೆಯೆಂದು ಕೂಲರ್ ಅದರತ್ತ ತಿರುಗಿಸಿದ. ಮೇಜಿನ ಮೇಲಿದ್ದ ಕಾಗದಗಳೆಲ್ಲ ಹಾರಿ ಅಂಗಳ ಸೇರಿದವು.

"ನಿಂಬಿಹಣ್ಣು ಕಟ್ಟು ತಮ್ಮಾ, ದೃಷ್ಟಿ ಆಗೇತಿ," ಎಂದಳು ಗುಮಾಸ್ತೆ ದೇವಕ್ಕ.

ಯಾರಿಗೂ ಕಿವಿಗೊಡದೆ ಮುಜಫರ ಡೇಟಾಬೇಸಿನೊಳಗೆ ತಲೆ ಹಾಕಿದ. ನಾಲ್ಕೂವರೆಗೆ ಕಳ್ಳ ಸಿಕ್ಕ. ಚೀಲದ ನಂಬರಿನ ಕಾಲಮ್ಮಿನಲ್ಲಿ ಪ್ರತಿ ರೈತನ ಮೊದಲ ಚೀಲಕ್ಕೆ ಒಂದರ ಬದಲು 'ಲಾಭ' ಎಂದಿತ್ತು!

"ಇದನ್ನ ಯಾರು ಬರದಾರ?"

"ನಾನೇ," ಎಂದಳು ದೇವಕ್ಕ ಹೆಮ್ಮೆಯಿಂದ. "ಕಾಳು ಅಳೆಯೂವಾಗ ಮೊದಲನೇದಕ್ಕ ಯಾರರ ಒಂದು ಅಂತಾರೇನು? ಲಾಭ, ಎರಡು, ಮೂರು. ಮಷೀನ್ ಒಲ್ಲೆ ಅಂತು. ಹಳೇ ಆಪರೇಟರಗ ಹೇಳಿ ಅಕ್ಷರನೂ ಹಿಡಿಯೂಹಂಗ ಮಾಡಿಸೀನಿ."

ಅಂದಿನಿಂದ ಪಾಪದ ಯಂತ್ರ, ಪರಿವಿಡಿ ಬಿಟ್ಟು ಪುಸ್ತಕವನ್ನೆಲ್ಲ ತಿರುವುವವರಂತೆ, ಪ್ರತಿ ಹುಡುಕಾಟಕ್ಕೂ ಲಕ್ಷ ಚೀಲಗಳನ್ನು ಒಂದೊಂದಾಗಿ ತಡಕುತ್ತಿತ್ತು. ಮುಜಫರ ಲಾಭವನ್ನೆಲ್ಲ ಒಂದು ಮಾಡಿದ, ಕಾಲಮ್ಮನ್ನು ಮತ್ತೆ ಅಂಕಿಗೆ ತಂದ. ಕಣ್ಣು ಮಿಟುಕಿಸುವುದರಲ್ಲಿ ಚೀಟಿ ಬಂತು! ಹೋದ ಜೀವ ಬಂದಂತಾಯಿತು. ಹತ್ತೇ ನಿಮಿಷದಲ್ಲಿ ನಲವತ್ತು ಚೀಟಿ ಹಂಚಿ ತನ್ನ ಕೈಚೀಲ ಹೆಗಲಿಗೇರಿಸಿದ.

"ಏ ತಮ್ಮಾ, ಇದೇನಿದು?" ಕಿಟಕಿಯಲ್ಲಿ ಒಂದು ಚೀಟಿ ತೂರಿತು. "ಮೊದಲ ಚೀಲಕ್ಕ ಒಂದು ಅಂತ ಬರದೀಯಲ್ಲ? ಇವತ್ತ ನನ್ನ ಮಗಳ ನಿಶ್ಚಯ ಐತಿ. ಲಾಭ ಅಂತ ಬರಿ. ಕೈಲೆ ತಿದ್ದಿದ್ದು ನಡಿಯಾಂಗಿಲ್ಲ, ಮಷೀನದಾಗೇ ಬರಬೇಕು."

ಮುಜಫರ ತಲೆಯೆತ್ತಿ ನೋಡಿದ. ಅಂಬರೀನಳ ತಂದೆ ಅಬ್ದುಲ್ ಕರೀಮ!

"ಮಾಮು, ನೀವಿಲ್ಲಿ?"

"ಅರೇ, ನೀನಾ! ತೊಗರಿ ಇಳಿಸಾಕ ಬಂದಿದ್ನಿ. ಮಧ್ಯಾಹ್ನದಿಂದ ಇಲ್ಲೇ ಕುಂತೀನಪ್ಪ."

ಒಳಗಿನ ಲೆಕ್ಕ ಮುಟ್ಟದೆ, ಮಷೀನು ಮುದ್ರಿಸುವ ಚೀಟಿಯಲ್ಲಷ್ಟೇ ಪದ ಬದಲಿಸಬಹುದಿತ್ತು. ಆದರೆ ಮಾವನಾಗುವವನ ಎದುರು ಅಷ್ಟು ಬುದ್ಧಿ ಯಾರಿಗೆ ಓಡುತ್ತದೆ? ಮುಜಫರ ಮಾಡಿದ್ದನ್ನೆಲ್ಲ ಅಳಿಸಿ ಹಳೆಯದನ್ನೇ ತಂದಿಟ್ಟ. ಯಂತ್ರ ಮತ್ತೆ ಗರಗರ ತಿರುಗತೊಡಗಿತು. ಉಳಿದ ಮೂವತ್ತೊಂಬತ್ತು ಮಂದಿಯೂ ಚೀಟಿ ಹಿಡಿದು ಎದ್ದರು: "ನಮಗೂ ಲಾಭ!"

ಹೊರಗೆ ಐದರ ಬಸ್ಸು ಹಾರ್ನ್ ಹೊಡೆದು ಹೋಯಿತು. ಮುಜಫರನ ಮುಖ ಬಾಡಿತು.

"ಅವಸರ ಯಾಕಪ್ಪ?" ಕರೀಮ ಬೆಂಚಿನ ಮೇಲೆ ಕಾಲು ಚಾಚಿದ. "ನಾ ಇಲ್ಲದ ನಿಶ್ಚಯ ನಡಿತೈತೇನು?"

ಅದೂ ನಿಜವೇ! ಮುಜಫರ ನಿರಾಳವಾಗಿ ಉಸಿರುಬಿಟ್ಟು ಇಬ್ಬರಿಗೂ ಚಹಾ ತರಿಸಿದ.

"ಬೆಳಿಗ್ಗೇನೇ ನಿಂಬಿಹಣ್ಣು ಕಟ್ಟಿದ್ರ ಇದೆಲ್ಲ ಇರ್ತಿದ್ದಿಲ್ಲ," ಎಂದಳು ದೇವಕ್ಕ.