ಎರಡು ಗುಂಟೆಗೆ ಒಂದು ಪಂಪು

ನಿಧಾನವಾಗಿ ನಡೆಯುವುದು ನನಗೆ ಬರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಹಳ ಕಾಲ ಇದನ್ನೊಂದು ಸದ್ಗುಣವೆಂದೇ ತಿಳಿದಿದ್ದೆ. ನಾವು ಜಯನಗರಕ್ಕೆ ಬಂದ ಹೊಸತರಲ್ಲಿ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು, ಬಸ್ಸೋ ಅಪರೂಪ. ಅದನ್ನು ಹಿಡಿಯಲು ಓಡಿದರೆ ಮರ್ಯಾದೆ ಹೋಗುತ್ತಿತ್ತು, ನಡೆದರೆ ಬಸ್ಸು ಹೋಗುತ್ತಿತ್ತು. ಹೀಗಾಗಿ ಎರಡಕ್ಕೂ ನಡುವಿನ ಒಂದು ಗತಿಯನ್ನು ನನ್ನ ಕಾಲುಗಳೇ ಕಂಡುಕೊಂಡಿದ್ದವು. ನನ್ನ ಹೆಂಡತಿ ಸರೋಜಳಿಗೆ ಮಾತ್ರ ಅದು ಹಿಡಿಸಿರಲಿಲ್ಲ. "ನಿಮ್ಮ ಜೊತೆ ಹೊರಟ್ರೆ ದಾರಿಯುದ್ದಕ್ಕೂ ನಿಮ್ಮ ಬೆನ್ನೇ ನೋಡ್ಬೇಕು. ಮುಖ ನೋಡ್ಬೇಕು ಅಂದ್ರೆ ಮನೇಲೇ ಇರ್ಬೇಕು" ಅನ್ನುತ್ತಿದ್ದಳು. ನನ್ನ ಮುಖದಲ್ಲಿ ನೋಡುವಂಥದ್ದು ಹೆಚ್ಚೇನೂ ಇಲ್ಲವೆಂದು ನಾನು ಸಮಾಧಾನ ಹೇಳುತ್ತಿದ್ದೆ.

ಈ ನಡಿಗೆಯಿಂದ ಒಬ್ಬರ ಹೂವಿನ ತೋಟವೇ ಸುಟ್ಟುಹೋಗಬಹುದೆಂದು ಯಾರು ಎಣಿಸಿದ್ದರು? ಬೆಳೆಗೆ ಔಷಧಿ ಹೊಡೆಯುವ ಕ್ರಮವನ್ನು ರೈತರಿಗೆ ತೋರಿಸಿಕೊಡುವ ಸರ್ಕಾರಿ ನೌಕರಿ ನನ್ನದು. ಪುಟ್ಟೇನಹಳ್ಳಿಯ ಮುನಿಯಪ್ಪನವರ ಸೇವಂತಿಗೆಗೆ ರಸ ಹೀರುವ ಹೇನು ಬಿದ್ದಿತ್ತು. ದೀಪಾವಳಿ ಹತ್ತಿರವಿತ್ತು, ಗಿಡದ ತುಂಬ ಮೊಗ್ಗು. ಅವರ ವರ್ಷದ ದುಡಿಮೆಯೆಲ್ಲ ಆ ಮೊಗ್ಗುಗಳಲ್ಲೇ ಇತ್ತು. ಔಷಧಿ ಕಡಿಮೆಯಾದರೆ ಹೇನು ಸಾಯುವುದಿಲ್ಲ, ಹೆಚ್ಚಾದರೆ ಮೊಗ್ಗು ಸುಡುತ್ತದೆ. ಅದಕ್ಕೇ ಮೊದಲು ಅಳತೆ ನೋಡಬೇಕು. ನಾನು ಹಗ್ಗ ಹಿಡಿದು ಎರಡು ಗುಂಟೆ ಗುರುತು ಮಾಡಿದೆ, ಬೆನ್ನಿಗೆ ಹೊರುವ ಪಂಪಿನಲ್ಲಿ ಬರೀ ನೀರು ತುಂಬಿಕೊಂಡೆ, ಅದರ ಹಿಡಿ ಒತ್ತುತ್ತ ಸಾಲುಗಳ ನಡುವೆ ಬೂಟುಗಾಲಿನಲ್ಲಿ ಬರಬರನೆ ನಡೆದು ಮುಗಿಸಿದೆ. ಎರಡು ಗುಂಟೆಗೆ ಸರಿಯಾಗಿ ಒಂದು ಪಂಪು ನೀರು ಖರ್ಚಾಯಿತು. "ಹಾಗಾದರೆ ಎರಡು ಗುಂಟೆಯ ಔಷಧಿಯನ್ನು ಒಂದು ಪಂಪಿಗೆ ಬೆರೆಸಿ" ಎಂದು ಲೆಕ್ಕ ಹೇಳಿ, ಪಂಪನ್ನೂ ಔಷಧಿಯ ಸೀಸೆಯನ್ನೂ ಕೊಟ್ಟು, ಹೆಮ್ಮೆಯಿಂದ ಮನೆಗೆ ಬಂದೆ. ಮುನಿಯಪ್ಪನವರು ಮರುದಿನ ಬೆಳಿಗ್ಗೆ ಹೊಡೆಯುವವರಿದ್ದರು.

ಮರುದಿನ ಬೆಳಿಗ್ಗೆ ಸರೋಜಳೊಡನೆ ತರಕಾರಿಗೆ ಹೊರಟಿದ್ದೆ. ಹಿಂದಿನಿಂದ ಅವಳ ದನಿ ಕೇಳಿಸಿತು: "ಲೋಕದೋರೆಲ್ಲ ನಿಮ್ಮ ಹಾಗೇ ನಡೀತಾರೆ ಅಂದ್ಕೊಂಡಿದೀರಾ?"

ನಾನು ನಿಂತುಬಿಟ್ಟೆ. ಮುನಿಯಪ್ಪನವರು ನಡೆಯುವುದು ಕಣ್ಣಿಗೆ ಕಟ್ಟಿತು. ಅವರು ಹೊಲದ ಬದುವಿನಲ್ಲೇ ಚಪ್ಪಲಿ ಬಿಡುವವರು. ಒಂದು ಹೆಜ್ಜೆ ಇಟ್ಟು, ಎಲೆ ಮಗುಚಿ ನೋಡಿ, ಇನ್ನೊಂದು ಹೆಜ್ಜೆ ಇಡುವವರು. ಆ ನಡಿಗೆಗೆ ಒಂದು ಪಂಪು ಒಂದು ಗುಂಟೆಗೇ ಮುಗಿಯುತ್ತದೆ. ಎರಡು ಗುಂಟೆಯ ಔಷಧಿ ಒಂದೇ ಗುಂಟೆಯ ಮೊಗ್ಗಿನ ಮೇಲೆ ಬೀಳುತ್ತದೆ. ಕೈಚೀಲವನ್ನು ಅವಳ ಕೈಗೆ ತುರುಕಿ, ಮನೆಗೆ ಓಡಿ, ಸೈಕಲ್ ಹತ್ತಿದೆ. ಆ ಮಣ್ಣುದಾರಿಯಲ್ಲಿ ನೆನೆಯದ ದೇವರಿಲ್ಲ. ನನ್ನ ಮಾತು ನಂಬಿದವರ ಹಬ್ಬವನ್ನು ನಾನೇ ಹಾಳುಮಾಡಿದೆನೆಂದು ನಿಜವಾಗಿಯೂ ಭಯವಾಗಿತ್ತು.

ಮುನಿಯಪ್ಪನವರು ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

"ಹೊಡೆದುಬಿಟ್ರಾ?" ಎಂದೆ ಏದುಸಿರು ಬಿಡುತ್ತ.

"ಇಲ್ಲ ಸ್ವಾಮಿ, ನಿಮ್ಮನ್ನ ಇನ್ನೊಂದು ಸಲ ಕೇಳ್ದೆ ಹೊಡೆಯೋದು ಬೇಡ ಅಂತ ಕೂತಿದ್ದೆ. ನಿಮ್ಮ ಲೆಕ್ಕ ಯಾಕೋ ಸರಿಹೋಗ್ಲಿಲ್ಲ. ನಿನ್ನೆ ನೀವು ಹೋದ್ಮೇಲೆ ನಾನೂ ಬರೀ ನೀರು ತುಂಬ್ಕೊಂಡು ನಡೆದು ನೋಡ್ದೆ. ಅರ್ಧಕ್ಕೇ ಖಾಲಿಯಾಗೋಯ್ತು."

"ನಾನು ಆಗಲೇ ನಡೆದು ತೋರಿಸಿದ್ದೆನಲ್ಲ, ಮತ್ತೆ ಯಾಕೆ ನೋಡಿದ್ರಿ?"

"ಹೊಸ ಎತ್ತು ತಂದ್ರೆ ಬರೀ ನೊಗ ಕಟ್ಟಿ ಒಂದು ಸುತ್ತು ನಡೆಸಿ ನೋಡಲ್ವಾ? ಹಂಗೇ."

ಸೀಸೆಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಅವರು ಹೇಳಿದ ಎತ್ತು ಪಂಪೋ ನಾನೋ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಆ ಹೊತ್ತಿಗೆ ಎತ್ತಾಗಲು ನನ್ನ ಅಭ್ಯಂತರವೇನೂ ಇರಲಿಲ್ಲ. ಬೂಟು ಬಿಚ್ಚಿ ಬದುವಿನಲ್ಲಿಟ್ಟು ಹೊಲಕ್ಕಿಳಿದೆ. ಪಂಪು ಅವರ ಬೆನ್ನಿಗೆ ಹೋಯಿತು. ಅವರ ಹೆಜ್ಜೆಗೆ ಅಳತೆ ಹಿಡಿದು, ಪಂಪಿಗೆ ಅರ್ಧ ಔಷಧಿ ಬೆರೆಸಿ, ಕೊನೆಯ ಸಾಲು ಮುಗಿಯುವವರೆಗೂ ಅವರ ಹಿಂದೆಯೇ ನಡೆದೆ.

ಮೊಗ್ಗುಗಳು ಉಳಿದವು. ಹಬ್ಬದ ಹಿಂದಿನ ದಿನ ಮುನಿಯಪ್ಪನವರು ಮನೆಗೇ ಬಂದು, "ಅಮ್ಮಾವ್ರಿಗೆ ಕೊಡಿ" ಎಂದು ಬುಟ್ಟಿ ತುಂಬ ಹಳದಿ ಸೇವಂತಿಗೆ ಕೊಟ್ಟರು. ಅಂದು ಸಂಜೆ ಸರೋಜ ಹೂ ಮುಡಿದು ನನ್ನೊಡನೆ ದೇವಸ್ಥಾನಕ್ಕೆ ಹೊರಟಳು. ಇನ್ನು ಮೇಲೆ ಜೊತೆಗಾರರ ಹೆಜ್ಜೆಗೇ ನಡೆಯಬೇಕೆಂದು ನಾನು ಪಣ ತೊಟ್ಟಿದ್ದೆ. ಮುನಿಯಪ್ಪನವರ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ, "ಈಗ ಸರಿಯಾಯ್ತೇನೆ?" ಎಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ರಸ್ತೆಯ ತಿರುವಿನಲ್ಲಿ ಹಳದಿ ಹೂವಿನ ದಂಡೆಯೊಂದು ಬರಬರನೆ ಹೋಗುತ್ತಿತ್ತು. ಕೂಗಿದ ಮೇಲೆ ನಿಂತಳು.

"ಹತ್ತು ವರ್ಷ ನಿಮ್ಮ ಹಿಂದೆ ಓಡಿ ಓಡಿ ನನ್ನ ಕಾಲಿಗೂ ಇದೇ ಅಭ್ಯಾಸ ಆಗಿದೆ. ಬೇಗ ಬನ್ನಿ, ಮಂಗಳಾರತಿ ಮುಗಿದುಹೋಗುತ್ತೆ" ಅಂದಳು.

ಅಂದಿನಿಂದ ಬೆನ್ನು ನೋಡುವ ಸರದಿ ನನ್ನದು.